ಹೇಳದೆ ಇಟ್ಟ ಒಳ್ಳೆಯ ಸುದ್ದಿ

ಬೆಟಗೇರಿಯ ನದಾಫರ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡದ ದಿನ ಓಣಿಯವರಿಗೆ ಏನೋ ಕಳಕೊಂಡಂತಾಗುತ್ತಿತ್ತು. ಸೊಸೆ ಶಕೀಲ ಬಡಿದ ರೊಟ್ಟಿ ಜನ್ನತಬಿಗೆ ದಪ್ಪ. ಅತ್ತೆ ಮಾಡಿದ ಸಾರು ಶಕೀಲಳಿಗೆ ಬರೀ ಖಾರ. ಮನೆಯ ಮುಂದಿನ ಪಡಸಾಲೆಯೇ ಅವರ ಗಾದಿ ಅಂಗಡಿ. ಜನ್ನತಬಿಯ ಗಂಡ ಬುಡ್ಡೇಸಾಬ ತೀರಿಕೊಂಡು ವರ್ಷಗಳಾದರೂ ಅಂಗಡಿಗೆ ಇನ್ನೂ ಅವನದೇ ಹೆಸರು. ಮಗ ನಯಾಜ ಮೂಗಿಗೆ ವಸ್ತ್ರ ಬಿಗಿದುಕೊಂಡು ಮಶೀನಿಗೆ ಅರಳೆ ಹಾಕಿ ಹಿಂಜುತ್ತಿದ್ದರೆ, ಅತ್ತೆ ಸೊಸೆ ಒಂದೇ ಗಾದಿಯ ಎರಡು ತುದಿಗೆ ಕೂತು ಹೊಲಿಗೆ ಹಾಕುತ್ತ ಬೈದಾಡುತ್ತಿದ್ದರು. ಇಬ್ಬರ ಹೊಲಿಗೆ ಗಾದಿಯ ನಡುವೆ ಬಂದು ಕೂಡುವ ಹೊತ್ತಿಗೆ ಜಗಳ ತಣ್ಣಗಾಗಿರುತ್ತಿತ್ತು. ಆಮೇಲೆ ಒಂದೇ ಬೋಗುಣಿಯ ಚಹಾವನ್ನು ಇಬ್ಬರೂ ಬಗ್ಗಿಸಿಕೊಂಡು ಕುಡಿಯುತ್ತಿದ್ದರು.

ಆ ಮಳೆಗಾಲದಲ್ಲಿ ಶಕೀಲಳಿಗೆ ಕೆಮ್ಮು ಹತ್ತಿತು. ಅರಳೆಯ ಧೂಳು ಅಂದರು ಮನೆಯವರು. ಗದಗಿನ ಡಾಕ್ಟರು ಮೊದಲು ಕಫದ ಔಷಧಿ ಕೊಟ್ಟರು, ಆಮೇಲೆ ಎದೆಯ ಫೋಟೊ ತೆಗೆಸಿದರು, ಫೋಟೊ ನೋಡಿ ಮಾತಾಡದೆ ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಅದಕ್ಕೆ ಹೆಸರಿಟ್ಟರು: ಶ್ವಾಸಕೋಶದ ಕ್ಯಾನ್ಸರ್. ಬೀಡಿಯ ಹೊಗೆ ಕಾಣದ ಹೆಣ್ಣಿಗೆ ಇದು ಹೇಗೆ ಬಂತು ಎಂದು ಜನ್ನತಬಿ ಡಾಕ್ಟರನ್ನೇ ಗದರಿಸಿದಳು. ಕ್ಯಾನ್ಸರ್ ಎಂದು ಶಕೀಲಳಿಗೂ ಗೊತ್ತಾಯಿತು. ಅದನ್ನು ಮುಚ್ಚಿಡುವ ಹಾಗಿರಲಿಲ್ಲ, ದವಾಖಾನೆಯ ಗೋಡೆಯ ಮೇಲೆಲ್ಲ ಅದೇ ಬರೆದಿತ್ತು.

ಮುಚ್ಚಿಟ್ಟದ್ದು ಬೇರೆ.

ಅವತ್ತು ಶಕೀಲಳನ್ನು ರಕ್ತ ಕೊಡಲಿಕ್ಕೆಂದು ಮಗಳು ಜಾಸ್ಮಿನ ಕೆಳಗಿನ ಮಹಡಿಗೆ ಕರೆದುಕೊಂಡು ಹೋಗಿದ್ದಳು. ಜಾಸ್ಮಿನ ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ. ದವಾಖಾನೆಯ ಫಲಕಗಳನ್ನು ಓದಿ ದಾರಿ ತೋರಿಸುವ ಕೆಲಸ ಅವಳದು. ಮೇಲೆ ಡಾಕ್ಟರ್ ಕಾಂಚನಾ ನಯಾಜನನ್ನೂ ಜನ್ನತಬಿಯನ್ನೂ ಒಳಗೆ ಕರೆದು ಕೂರಿಸಿ, ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದರು.

"ಇದು ಅವರ ಸ್ಕ್ಯಾನಿಂಗ್ ಫೋಟೊ. ಇದನ್ನ ನಾವೂ ನೋಡೇವಿ, ಕಂಪ್ಯೂಟರಿಗೂ ತೋರ್ಸೇವಿ. ಎಐ ಅಂತ ಕೇಳಿರಬೇಕಲ್ರಿ? ಈ ಬ್ಯಾನಿ ಬಂದ ಸಾವಿರಾರು ಮಂದಿ ಫೋಟೊ ನೋಡಿ, ಯಾರಿಗೆ ಯಾವ ಔಷಧ ಹತ್ತಿತು, ಯಾರಿಗೆ ಹತ್ತಲಿಲ್ಲ ಅಂತ ಅದು ಕಲ್ತೈತಿ."

"ಏನಂತೈತ್ರಿ ಅದು?" ಎಂದ ನಯಾಜ.

"ಚೊಲೊ ಅಂತೈತಿ. ಇವರಂಥಾ ಹತ್ತು ಮಂದಿ ಇದ್ರ ಎಂಟು ಮಂದಿಗೆ ಈ ಗುಳಿಗಿ ಹತ್ತತೈತಿ, ಗಡ್ಡಿ ಕರಗತೈತಿ. ವರ್ಷಗಟ್ಲೆ ಆರಾಮ ಇರಬಹುದು. ಇದು ಅಂದಾಜು ನೋಡ್ರಿ, ಆಣಿ ಮಾಡಿ ಹೇಳೂದಲ್ಲ. ಆದ್ರ ಗುಳಿಗಿ ಒಂದಿನಾನೂ ತಪ್ಪಸಬಾರ್ದು."

ಜನ್ನತಬಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಎದ್ದು ಡಾಕ್ಟರ ಗಲ್ಲ ನೇವರಿಸಿ ತನ್ನ ಹಣೆಗೆ ಬೆರಳು ಒತ್ತಿ ನೆಟಿಗೆ ಮುರಿದಳು.

"ಅವರು ಬರೂದ್ರಾಗ ನನಗ ಆಪರೇಶನ್ ಐತಿ, ಹೋಗಬೇಕು," ಎಂದರು ಡಾಕ್ಟರು. "ನೀವ ಅವರಿಗೆ ಹೇಳ್ರಿ. ಕೇಳಿದ್ರ ಅವರಿಗೂ ಧೈರ್ಯ ಬರತೈತಿ."

"ಹೇಳ್ತೇವ್ರಿ ತಾಯಿ, ನಾವ ಹೇಳ್ತೇವಿ," ಎಂದಳು ಜನ್ನತಬಿ.

ಹೊರಗೆ ಬಂದು ಬೆಂಚಿನ ಮೇಲೆ ಕೂತದ್ದೇ ಮಗನ ತೋಳು ಹಿಡಿದಳು.

"ನಯಾಜ, ಇದು ಬಾಯಿ ಬಿಟ್ಟು ಆಡೂ ಮಾತಲ್ಲ."

"ಯಾಕಬೇ? ಡಾಕ್ಟರ ಹೇಳ್ರಿ ಅಂದಾರಲ್ಲ."

"ಡಾಕ್ಟರಿಗೇನ ಗೊತ್ತು? ಆಗೂ ಮುಂಚೆ ಚೊಲೊದನ್ನ ಬಾಯಾಗ ಆಡಿದ್ರ ನದರ ಆಗತೈತಿ, ಕೆಟ್ಟ ಕಣ್ಣ ತಾಗತೈತಿ. ಮೊದಲನೇ ಕೂಸಿಗೆ ಏನಾತು, ಮರತ್ಯಾ?"

ನಯಾಜ ಮರೆತಿರಲಿಲ್ಲ. ಶಕೀಲ ಚೊಚ್ಚಲ ಬಸುರಿಯಾಗಿದ್ದಾಗಲೂ ಹೀಗೇ ಸ್ಕ್ಯಾನಿಂಗ್ ಮಾಡಿಸಿದ್ದರು. ಕೂಸು ಗಟ್ಟಿಮುಟ್ಟಾಗಿದೆ ಎಂದರು. ಜನ್ನತಬಿ ಅವತ್ತೇ ಪೇಢೆ ತರಿಸಿ ಓಣಿಗೆಲ್ಲ ಹಂಚಿ, ಮೊಮ್ಮಗನ ಹೆಸರನ್ನೂ ಹೇಳಿಕೊಂಡು ಬಂದಿದ್ದಳು. ತಿಂಗಳು ತುಂಬುವ ಮೊದಲೇ ಕೂಸು ಹೊಟ್ಟೆಯಲ್ಲೇ ಸತ್ತಿತು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದವನು ನಯಾಜನೇ. ಮುಂದೆ ಜಾಸ್ಮಿನ ಹೊಟ್ಟೆಯಲ್ಲಿದ್ದಾಗ ಜನ್ನತಬಿ ಬಾಯಿಗೆ ಬೀಗ ಹಾಕಿಕೊಂಡಳು. ಸೊಸೆಗೆ ಸೆರಗು ಹೊದಿಸಿ ಒಳಗೇ ಇಟ್ಟು, ಕೇಳಿದವರಿಗೆಲ್ಲ ಪಿತ್ತ ಏರಿದೆ ಎಂದಳು. ಜಾಸ್ಮಿನ ಕೈಕಾಲು ಬಡಿಯುತ್ತ ಹುಟ್ಟಿದಳು. ಅಂದಿನಿಂದ ಆ ಮನೆಯಲ್ಲಿ ಒಳ್ಳೆಯದನ್ನು ಮೊದಲು ಕೈಗೆ ತಗೊಂಡು ಆಮೇಲೆ ಬಾಯಿಗೆ ತರುವ ಪದ್ಧತಿ ಬೇರೂರಿತು.

"ಶಕೀಲಗಷ್ಟ ಹೇಳೂಣು," ಎಂದ ನಯಾಜ.

"ಅಕಿ ಬಾಯಾಗ ನಿಂದ್ರತೈತೇನು? ನೀಲಗಂಗವ್ವಗ ಹೇಳ್ತಾಳ, ನೀಲಗಂಗವ್ವ ಊರಿಗೆ ಹೇಳ್ತಾಳ. ಅಕಿ ಆರಾಮ ಆಗ್ಲಿ, ನಾನ ಕುಂಡ್ರಿಸಿಕೊಂಡು ಹೇಳ್ತೀನಿ. ನನ್ನ ಮ್ಯಾಲೆ ಆಣಿ ಐತಿ."

ಅಷ್ಟರಲ್ಲಿ ತೋಳಿಗೆ ಹತ್ತಿ ಒತ್ತಿಕೊಂಡು ಶಕೀಲ ಬಂದಳು.

"ಏನಂದ್ರು ಡಾಕ್ಟರು? ಕಂಪ್ಯೂಟರಿಗೆ ತೋರಸ್ತೇವಿ ಅಂದಿದ್ರಲ್ಲ?"

ತಾಯಿ ಮಗ ಮುಖ ಮುಖ ನೋಡಿಕೊಂಡರು.

"ಏನಿಲ್ಲವಾ," ಎಂದಳು ಜನ್ನತಬಿ, ಕಣ್ಣು ತಪ್ಪಿಸಿ. "ಗುಳಿಗಿ ಕೊಟ್ಟಾರ. ನಡಿ, ಬಸ್ಸಿಗೆ ಹೊತ್ತಾತು."

ಮನೆಗೆ ಬಂದ ಮೇಲೆ ಜನ್ನತಬಿಯ ಸಂತೋಷ ಒಳಗೆ ಹಿಡಿಸದೆ ಕೈಕಾಲಿಗೆ ಇಳಿಯಿತು. ಬಾಯಲ್ಲಿ ಆಡುವ ಹಾಗಿಲ್ಲ, ಮಾಡುವುದಕ್ಕೆ ಯಾರ ಅಡ್ಡಿ? ಬೆಳಗ್ಗೆ ಸೊಸೆ ಏಳುವ ಮೊದಲೇ ಚಹಾ ಮಾಡಿ ಹಾಸಿಗೆಗೆ ತಂದುಕೊಟ್ಟಳು. ಕುರಿಯ ಲಿವರ್ ತರಿಸಿ ಖಾರ ಕಡಿಮೆ ಹಾಕಿ ಹುರಿದಳು. ಗಾದಿ ಹೊಲಿಗೆಗೆ ಕೂರಗೊಡಲಿಲ್ಲ. ಶಕೀಲ ಮಾಡಿದ ಸಾರಿಗೆ ಉಪ್ಪೇ ಬಿದ್ದಿರದ ದಿನವೂ ಎರಡು ಸಲ ಬಡಿಸಿಕೊಂಡು ಉಂಡಳು. ನಯಾಜ ಅಂಗಿ ಗುಂಡಿಗಾಗಿ ಕೂಗಾಡುವುದನ್ನು ಬಿಟ್ಟು ತಾನೇ ಸೂಜಿ ಹುಡುಕುತ್ತಿದ್ದ.

ಪಕ್ಕದ ಮನೆಯ ನೀಲಗಂಗವ್ವನಿಗೆ ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತು ನಗಾಡಿದಳು.

"ಏನ ಜನ್ನತವ್ವ, ಸೂರ್ಯಾ ಯಾ ಕಡೆ ಹುಟ್ಟ್ಯಾನ ಇವತ್ತ? ಸೊಸಿ ಕಾಲ ಒತ್ತಾಕತ್ತೀಯಲ್ಲ!"

"ಒತ್ತಿದ್ರ ನಿನಗೇನ ಹೊಟ್ಟಿಕಿಚ್ಚು? ನಿನ್ನ ಸೊಸಿ ಕಾಲ ನೀನೂ ಒತ್ತು ಹೋಗು."

ಶಕೀಲ ನಗಲಿಲ್ಲ. ನೀಲಗಂಗವ್ವ ಹೋದ ಮೇಲೆ ಕಾಲು ಎಳೆದುಕೊಂಡು ಕೇಳಿದಳು.

"ಅತ್ತಿ, ಆ ಮಶೀನ ಏನಂತು, ಖರೆ ಹೇಳ್ರಿ."

"ಮಶೀನ ಏನ ಅಂತೈತಿ? ಅದಕ್ಕೇನ ಬಾಯಿ ಐತಿ? ನೀ ಗುಳಿಗಿ ನುಂಗು, ಉಣ್ಣು, ಮಕ್ಕೊ."

"ಮೊದಲಿನಂಗ ಒಮ್ಮೆ ಬೈರಿ ನೋಡೂಣು. ನೀವ ಬೈಲಿಲ್ಲಂದ್ರ ಎದಿ ಧಸಕ್ ಅಂತೈತಿ."

ಜನ್ನತಬಿ ಅದನ್ನು ಚೇಷ್ಟೆ ಎಂದುಕೊಂಡಳು. "ಅಯ್ಯ, ಆರಾಮ ಆಗು, ಒಂದ ವರ್ಷದ್ದು ಕೂಡಿಸಿ ಬೈತೀನಿ," ಎಂದು ಸೊಸೆಯ ತಲೆ ನೇವರಿಸಿದಳು. ಹೇಳುವಾಗ ಅವಳ ಕಣ್ಣು ತುಂಬಿ ಬಂತು. ಅದು ಸಂತೋಷದ ನೀರೆಂದು ಅವಳಿಗೊಬ್ಬಳಿಗೇ ಗೊತ್ತು. ಶಕೀಲ ಆ ಕಣ್ಣನ್ನೇ ನೋಡುತ್ತ ಕೂತಳು. ಆಮೇಲೆ ಮತ್ತೆ ಕೇಳಲಿಲ್ಲ.

ಗುಳಿಗೆಯ ಮೊದಲ ಡಬ್ಬಿ ಮುಗಿಯುವ ಹೊತ್ತಿಗೆ ಕೆಮ್ಮು ಇಳಿದಿತ್ತು. ಮುಖದ ಮೇಲೆ ಗುಳ್ಳೆ ಎದ್ದಿದ್ದವು, ಅದು ಔಷಧಿಯ ಗುಣ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಆ ಗುಳಿಗೆ ಸರಕಾರದ ಕಾರ್ಡಿನಲ್ಲಿ ಬರುತ್ತಿರಲಿಲ್ಲ. ಮುಂದಿನ ಡಬ್ಬಿ ತರುವ ಮಾತು ಬಂದ ದಿನ ಊಟದ ಹೊತ್ತಿನಲ್ಲಿ ನಯಾಜ ತಟ್ಟೆಯಲ್ಲಿ ಕೈ ಆಡಿಸುತ್ತ ಮಗಳಿಗೆ ಹೇಳಿದ:

"ಜಾಸ್ಮಿನ, ಈ ವರ್ಷ ಕಾಲೇಜ ಬಿಡು. ಫೀಸು, ಬಸ್ಸು, ಹಾಸ್ಟೆಲ್ಲು, ಎಲ್ಲಾ ಕೂಡಿ ನನಗ ಎಳಿಯಾಕ ಆಗವಲ್ದು."

ಜಾಸ್ಮಿನ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಪರೀಕ್ಷಾ ಹತ್ರ ಬಂದೈತಪ್ಪ. ಇದೊಂದು ಬರದ ಬಿಡ್ತೀನಿ."

"ನಿನ್ನ ಪರೀಕ್ಷಾ ದೊಡ್ಡದೋ ನಿಮ್ಮವ್ವ ದೊಡ್ಡಾಕಿನೋ?"

"ನಾ ಹಂಗ ಅಂದ್ನೇನು? ಸಂಜಿ ಮುಂದ ಎಲ್ಯಾರ ಕೆಲಸಾ ಮಾಡ್ತೀನಿ, ಫೀಸ ನಾ ಕಟ್ಕೋತೀನಿ."

"ದೊಡ್ಡ ಕೆಲಸಗಾರ್ತಿ ಬಂದ್ಲು!" ನಯಾಜ ತಟ್ಟೆ ದೂಡಿದ.

ಜನ್ನತಬಿ ನಡುವೆ ಬಾಯಿ ಹಾಕಿದಳು. "ತಂಗಿ, ಕಲಿಯೂದು ಎಲ್ಲೂ ಓಡಿ ಹೋಗೂದಿಲ್ಲ. ಮೊದಲ ನಿಮ್ಮವ್ವ. ಒಂದ ವರ್ಷ ಹೋದ್ರ ಹೋತು."

ಬಾಗಿಲಲ್ಲಿ ಶಕೀಲ ನಿಂತಿದ್ದಳು. ನೀರಿನ ತಂಬಿಗೆ ಕೆಳಗಿಟ್ಟು ನಿಧಾನವಾಗಿ ಹೇಳಿದಳು: "ಅಕಿ ಕಾಲೇಜ ಬಿಡಬಾರ್ದು."

"ನೀ ಸುಮ್ನಿರು," ಎಂದ ನಯಾಜ.

"ನಾ ಲಕ್ಷ್ಮೇಶ್ವರಕ್ಕ ಹೋಗ್ತೀನ್ರಿ. ತಾರೀಖ ನಿನ್ನೆ ಫೋನ ಮಾಡಿದ್ದ. ಅಕ್ಕಾ, ನಾಕ ದಿನ ನಮ್ಮ ಮನ್ಯಾಗ ಇರು, ಗುಳಿಗಿ ಖರ್ಚು ನಂದು ಅಂದಾನ."

ತಾರೀಖ ಅವಳ ತಮ್ಮ. ಲಕ್ಷ್ಮೇಶ್ವರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಹೆಂಡತಿಯ ತವರಿನಿಂದ ಔಷಧಿಗೆ ದುಡ್ಡು ತರಿಸಿಕೊಳ್ಳುವ ಮಾತಿಗೆ ನಯಾಜನ ಮುಖ ಕೆಂಪಾಯಿತು. ಅದನ್ನು ತಣ್ಣಗೆ ಮಾಡಿದವಳೂ ಜನ್ನತಬಿಯೇ. ಅಕ್ಕ ಜಡ್ಡಿಗೆ ಬಿದ್ದಾಗ ತಮ್ಮ ಕೊಡುವುದನ್ನು ಬೇಡವೆಂದರೆ ತವರಿಗೆ ಅವಮಾನ, ತವರಿನ ನೀರು ಬಿದ್ದರೆ ಹೆಣ್ಣಿನ ಮೈ ತುಂಬುತ್ತದೆ, ಎಂದೆಲ್ಲ ಹೇಳಿ ಮಗನ ಬಾಯಿ ಕಟ್ಟಿದಳು. "ಇದರ ಬಗ್ಗೆ ಅವಗ ಫೋನ ಮಾಡಿ ಕೇಳಬ್ಯಾಡ್ರಿ, ನಾಚ್ಕೋತಾನ," ಎಂದು ಶಕೀಲ ಗಂಡನಿಗೆ ಹೇಳಿದಳು. ಅದು ನಯಾಜನಿಗೂ ಬೇಕಾಗಿತ್ತು. ಜಾಸ್ಮಿನ ಪುಸ್ತಕದ ಚೀಲ ಹೆಗಲಿಗೇರಿಸಿ ನಾಗಾವಿಗೆ ಹೋದಳು. ಅದೇ ದಿನ ಶಕೀಲ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ಅವಳ ಚೀಲದಲ್ಲಿ ಹಳೆಯ ಗುಳಿಗೆ ಡಬ್ಬಿಯಿತ್ತು, ಖಾಲಿಯದು.

ಒಂದೆರಡು ತಿಂಗಳು ಫೋನಿನಲ್ಲೇ ಸಂಸಾರ ನಡೆಯಿತು. "ಗುಳಿಗಿ ತಗೊಂಡ್ಯಾ?" ಎಂದು ನಯಾಜ ಕೇಳುವುದು, "ಹೂಂ ರಿ," ಎಂದು ಅವಳು ಹೇಳುವುದು. ದವಾಖಾನೆಯಿಂದ ಒಮ್ಮೆ ಫೋನು ಬಂದಾಗ ನಯಾಜನೂ ಅದನ್ನೇ ಹೇಳಿದ, ತಗೊಳ್ಳಾಕತ್ತಾಳ್ರಿ ಎಂದು. ಜನ್ನತಬಿ ಒಬ್ಬಳೇ ಗಾದಿಯ ಎರಡೂ ತುದಿ ಹೊಲಿಯುತ್ತಿದ್ದಳು. ಬೈಯಲು ಯಾರೂ ಇಲ್ಲದೆ ಅರಳೆಗೆ ಬೈಯುತ್ತಿದ್ದಳು.

ಒಂದು ಜುಮ್ಮಾ ದಿನ ತಡೆಯಲಾರದೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಹೋದಳು. ಶಕೀಲ ಹಿತ್ತಲಲ್ಲಿ ಮಂಚದ ಮೇಲೆ ಕೂತಿದ್ದಳು. ಸೊರಗಿದ್ದಳು, ಆದರೆ ಮುಖದ ಗುಳ್ಳೆಗಳೆಲ್ಲ ಮಾಯವಾಗಿ ಚರ್ಮ ನುಣ್ಣಗಾಗಿತ್ತು. ಜನ್ನತಬಿ ಅದನ್ನು ನೋಡಿಯೇ ಹಿಗ್ಗಿದಳು.

"ಗುಳ್ಳಿ ಎಲ್ಲಾ ಹೋಗ್ಯಾವಲ್ಲ! ತವರ ನೀರು ಅಂದ್ರ ನೀರು."

ತಾರೀಖನ ಹೆಂಡತಿ ತಬಸ್ಸುಮ ಚಹಾ ತಂದಿಟ್ಟಳು. "ಕಪ್ಪತಗುಡ್ಡದ ಬೇರಿನ ಪುಡಿನೂ ತಗೋತಾರ್ರಿ ಅಕ್ಕಾರು. ಶಿರಹಟ್ಟಿ ಕಡೆ ಒಬ್ರು ಕೊಡ್ತಾರ."

"ತಗೊಳ್ಳಲಿ ಬಿಡವಾ, ಗುಳಿಗಿ ಜೋಡಿ ಅದೂ ಇರ್ಲಿ," ಎಂದಳು ಜನ್ನತಬಿ. ಗುಳಿಗೆ ಎಂದಾಗ ತಬಸ್ಸುಮ ತಲೆಯಾಡಿಸಿದಳು. ಗುಳಿಗೆಯನ್ನು ಅಕ್ಕ ಗಂಡನ ಮನೆಯಿಂದಲೇ ತಂದುಕೊಂಡಿದ್ದಾಳೆ ಎಂದು ಅವಳಿಗೆ ಗೊತ್ತಿದ್ದ ಸಂಗತಿ. ಅಕ್ಕನೇ ಹಾಗೆ ಹೇಳಿದ್ದಳು, ಡಬ್ಬಿಯನ್ನೂ ತೋರಿಸಿದ್ದಳು.

ತಬಸ್ಸುಮ ಒಳಗೆ ಹೋದ ಮೇಲೆ ಶಕೀಲ ಕೇಳಿದಳು: "ಜಾಸ್ಮಿನ ಹೋಗ್ತಾಳೇನ್ರಿ ಕಾಲೇಜಿಗೆ?"

"ಹೋಗ್ತಾಳ, ಹೋಗ್ತಾಳ. ಪರೀಕ್ಷಾ ಬರದ್ಲು. ನೀ ನಿಂದ ನೋಡ್ಕೊ."

"ನಂದೇನ ನೋಡ್ಕೊಳ್ಳೂದು ಐತ್ರಿ ಅತ್ತಿ."

ಹೋಳಿಗೆಯ ಗಂಟು ಬಿಚ್ಚುತ್ತಿದ್ದ ಜನ್ನತಬಿಯ ಕೈ ಅಲ್ಲೇ ನಿಂತಿತು. ಹೇಳಿಬಿಡಲೇ? ಎಂಟು ಮಂದಿ ಉಳಿಯುತ್ತಾರಂತೆ ಮಗಳೇ, ನೀನು ಅದರಲ್ಲಿ ಒಬ್ಬಳಂತೆ, ಎಂದು ಒಂದು ಉಸಿರಿಗೆ ಹೇಳಿಬಿಟ್ಟರೆ? ತುಟಿಯವರೆಗೆ ಬಂದಿತ್ತು. ಎದುರಿಗೆ ನುಣುಪಾದ ಮುಖ ಕಾಣುತ್ತಿತ್ತು. ಇಷ್ಟು ಗುಣವಾಗುತ್ತಿರುವಾಗ ತನ್ನ ಬಾಯಿಂದ ಹಾಳಾಗುವುದು ಬೇಡ ಎಂದುಕೊಂಡಳು. ಹೋಳಿಗೆ ಮುರಿದು ಸೊಸೆಯ ಬಾಯಿಗಿಟ್ಟು ಮಾತನ್ನು ನುಂಗಿಕೊಂಡಳು.

ಮತ್ತೊಮ್ಮೆ ಫೋಟೊ ತೆಗೆಯುವ ದಿನ ಬರುವಷ್ಟರಲ್ಲಿ ಶಕೀಲಳಿಗೆ ಏದುಸಿರು. ತಾರೀಖ ಲಕ್ಷ್ಮೇಶ್ವರದಿಂದ ಗಾಡಿ ಮಾಡಿಕೊಂಡು ಅವಳನ್ನು ನೇರವಾಗಿ ಹುಬ್ಬಳ್ಳಿಗೆ ತಂದ. ನಯಾಜ, ಜನ್ನತಬಿ, ಜಾಸ್ಮಿನ ಗದಗಿನಿಂದ ಹೋಗಿ ಕೂಡಿಕೊಂಡರು. ಶಕೀಲಳನ್ನು ಒಳಗೆ ಮಲಗಿಸಿ ಮೂಗಿಗೆ ನಳಿಗೆ ಹಾಕಿದರು. ಡಾಕ್ಟರ್ ಕಾಂಚನಾ ಉಳಿದವರನ್ನು ತಮ್ಮ ಕೋಣೆಗೆ ಕರೆದರು. ಹಳೆಯ ಫೋಟೊ ಒಂದು ಕಡೆ, ಹೊಸದು ಇನ್ನೊಂದು ಕಡೆ ಇತ್ತು. ನೋಡಲು ಬಾರದ ಜನ್ನತಬಿಗೂ ಹೊಸದರಲ್ಲಿ ಬಿಳಿ ಹೆಚ್ಚಾಗಿರುವುದು ಕಂಡಿತು.

"ಲಿವರಿಗೂ ಏರೇತಿ," ಎಂದರು ಡಾಕ್ಟರು. "ಗುಳಿಗಿ ಹತ್ತದವರದ್ದೂ ಇಷ್ಟ ಜಲ್ದಿ ಹಿಂಗ ಆಗೂದು ಕಡಿಮಿ. ಗುಳಿಗಿ ಬರೋಬರಿ ತಗೊಂಡಾರೇನ್ರಿ ಅವರು?"

"ದಿನಾ ತಗೊಂಡಾಳ್ರಿ," ಎಂದ ನಯಾಜ. "ತಾರೀಖನ ತಂದ ಕೊಟ್ಟಾನ."

ತಾರೀಖ ತಲೆ ಎತ್ತಿದ. "ನಾನಾ? ಮಾಮಾ, ಗುಳಿಗಿ ನೀವ ಕಳಿಸ್ತೀರಿ ಅಂತ ಅಕ್ಕ ಹೇಳ್ಯಾಳ."

"ನಾ ಎಲ್ಲಿ ಕಳಿಸ್ಲೋ? ಖರ್ಚು ನಿಂದು ಅಂದಿದ್ಯಲ್ಲ!"

"ಅಲ್ಲಾನ ಆಣಿ ಮಾಮಾ, ನಾ ಕೊಡಸ್ತೀನಿ ಅಂದ್ರ ಅಕಿ ಬ್ಯಾಡ ಅಂದ್ಲು. ಮನ್ಯಾಗ ತಂದ ಕೊಟ್ಟಾರ ಅಂದ್ಲು."

ಮೊದಲು ಅರ್ಥವಾದದ್ದು ಜಾಸ್ಮಿನಳಿಗೆ. "ಹಂಗಾದ್ರ ಅವ್ವ ಗುಳಿಗಿ ತಗೊಂಡ ಇಲ್ಲ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾಕ? ಅವರಿಗೆ ಹೇಳಿದ್ರಿಲ್ಲೋ? ಹತ್ತರಾಗ ಎಂಟು ಮಂದಿಗೆ ಹತ್ತತೈತಿ ಅಂತ ನಾ ಅಷ್ಟು ಹೇಳಿ ಕಳಿಸಿದ್ನೆಲ್ಲ. ಅದು ಗೊತ್ತಿದ್ದೂ ಗುಳಿಗಿ ಬಿಡ್ತಾರೇನು ಯಾರರ?"

ಜಾಸ್ಮಿನ ಅಪ್ಪನ ಕಡೆ ನೋಡಿದಳು, ಅಪ್ಪ ಅಜ್ಜಿಯ ಕಡೆ ನೋಡಿದ. ಜನ್ನತಬಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

"ಈಗ... ಈಗ ಅದೇನ ಅಂತೈತ್ರಿ, ಕಂಪ್ಯೂಟರು?" ಎಂದ ತಾರೀಖ.

"ಗುಳಿಗಿ ಮತ್ತ ಶುರು ಮಾಡೂಣ. ಮೈ ತಡಕೊಂಡ್ರ..." ಎಂದ ಡಾಕ್ಟರು ಮಾತನ್ನು ಅಲ್ಲಿಗೇ ಬಿಟ್ಟು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

ಕೋಣೆಯ ಹೊರಗೆ, ಅದೇ ಬೆಂಚಿನ ಹತ್ತಿರ, ನಯಾಜ ತಾಯಿಯ ಮೇಲೆ ಹರಿಹಾಯ್ದ. ಹುಟ್ಟಿದಂದಿನಿಂದ ತಾಯಿಗೆ ಎದುರಾಡದ ಮಗ ನಾಲ್ಕು ಮಂದಿ ನೋಡುತ್ತಿರುವಂತೆ ಕೂಗಿದ:

"ಆಣಿ ಹಾಕಿದ್ಯಲ್ಲ! ಬಾಯಿ ಬಿಡಬ್ಯಾಡ ಅಂದ್ಯಲ್ಲ! ತಗೊ, ನಿನ್ನ ಬಾಯಿನ ತಿಂತು ನನ್ನ ಹೆಂಡತಿನ್ನ!"

"ಹೊಡಿ ನನಗ, ಹೊಡಿಯೋ," ಎಂದಳು ಜನ್ನತಬಿ. "ಅಕಿಗೆ ಚೊಲೊ ಆಗ್ಲಿ ಅಂತನ... ಅಕಿಗೆ ಚೊಲೊ ಆಗ್ಲಿ ಅಂತನೋ."

ಜಾಸ್ಮಿನ ಅಳಲಿಲ್ಲ. ಗೋಡೆಗೆ ಆತು ನಿಂತು, "ನನಗೂ ಹೇಳಲಿಲ್ಲ ನೀವು," ಎಂದಳು. "ನನಗೊಂದ ಮಾತು ಹೇಳಿದ್ರ ನಾ ಅವ್ವಗ ಹೇಳ್ತಿದ್ದೆ."

ಶಕೀಲಳನ್ನು ಮನೆಗೆ ಕರೆತಂದರು. ಗುಳಿಗೆ ಮತ್ತೆ ಶುರುವಾಯಿತು, ಈ ಸಲ ನಯಾಜ ತಾನೇ ಬಾಯಿಗೆ ಹಾಕಿ ನೀರು ಕುಡಿಸುತ್ತಿದ್ದ. ಅವಳು ಅರ್ಧ ಸಲ ವಾಂತಿ ಮಾಡಿಕೊಳ್ಳುತ್ತಿದ್ದಳು. ಏಕೆ ಬಿಟ್ಟೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಕೇಳಿದರೆ ಅವಳೂ ತಿರುಗಿ ಕೇಳುತ್ತಾಳೆ. ಅಂಗಡಿಯ ಮಶೀನು ಬಂದ್ ಆಯಿತು, ಅರಳೆ ಹಾರಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಅಡಿಗೆಮನೆಯಲ್ಲಿ ಜನ್ನತಬಿ ಮಾಡಿಟ್ಟದ್ದನ್ನು ನಯಾಜ ಮುಟ್ಟುತ್ತಿರಲಿಲ್ಲ, ಜಾಸ್ಮಿನ ಬೇರೆ ಚಹಾ ಮಾಡಿಕೊಡುತ್ತಿದ್ದಳು. ನೀಲಗಂಗವ್ವ ತಂದುಕೊಟ್ಟ ರೊಟ್ಟಿ ಪಲ್ಯೆ ಹಾಗೇ ಒಣಗುತ್ತಿತ್ತು.

ಒಂದು ಮಧ್ಯಾಹ್ನ ಜಾಸ್ಮಿನ ಅಜ್ಜಿಯ ಎದುರಿಗೆ ಬಂದು ಕೂತಳು. ಎಷ್ಟೋ ದಿನಗಳಾದ ಮೇಲೆ ಮಾತಾಡಿದಳು.

"ಆಯಿ, ಅವ್ವಗ ಖರೆ ಹೇಳಬೇಕು."

"ಏನಂತ ಹೇಳೂದವಾ?"

"ನೀ ಉಳಿತಿದ್ದಿ ಅಂತ ಕಂಪ್ಯೂಟರ ಹೇಳಿತ್ತು ಅಂತ. ಮುಚ್ಚಿಟ್ಟಾಕಿ ನಾನು ಅಂತ. ಅಕಿಗೆ ಗೊತ್ತಾಗೂದು ಬ್ಯಾಡೇನು? ಅಕಿ ಜೀಂವ ಅದು."

"ಹೇಳ್ತೀನಿ ತಂಗಿ. ನಾನ ಹೇಳ್ತೀನಿ. ಅಕಿ ಕಾಲ ಹಿಡದ ಹೇಳ್ತೀನಿ."

"ಯಾವಾಗ? ಆಗೂ ಮುಂಚೆ ಹೇಳಬಾರ್ದಲ್ಲ ನಿನಗ," ಎಂದಳು ಜಾಸ್ಮಿನ. ಆ ಮಾತು ಜನ್ನತಬಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವಳು ಎದ್ದು ಕೈ ತೊಳೆದುಕೊಂಡು ಸೊಸೆಯ ಹಾಸಿಗೆಯ ಹತ್ತಿರ ಹೋದಳು.

ಹೇಳಲೆಂದೇ ಹೋದಳು. ಹೇಳಿ ಹಗುರಾಗಬೇಕಿತ್ತು ಅವಳಿಗೆ. ಸೊಸೆ ಉಗಿಯಲಿ, ಬೈಯಲಿ, ಮುಖ ತಿರುಗಿಸಿಕೊಳ್ಳಲಿ, ಏನಾದರೂ ಆಗಲಿ, ಎದೆಯ ಮೇಲಿನ ಕಲ್ಲು ಒಮ್ಮೆ ಇಳಿಯಲಿ ಎಂದುಕೊಂಡೇ ಹೋದಳು. ಶಕೀಲ ದಿಂಬಿಗೊರಗಿ ಕಣ್ಣು ತೆರೆದೇ ಮಲಗಿದ್ದಳು. ಜನ್ನತಬಿ ಕಾಲ ಬಳಿ ಕೂತು ಅವಳ ಪಾದದ ಮೇಲೆ ಕೈಯಿಟ್ಟಳು.

"ಶಕೀಲ, ನಿನಗೊಂದ ಮಾತು ಹೇಳೂದೈತಿ."

"ನನಗೂ ಹೇಳೂದೈತ್ರಿ ಅತ್ತಿ. ಮೊದಲ ನಾ ಹೇಳ್ತೀನಿ." ಉಸಿರಿಗಾಗಿ ಸ್ವಲ್ಪ ತಡೆದಳು. "ಗುಳಿಗಿ ನಾ ಬಿಟ್ಟಿದ್ದೆ. ನಿಮಗ ಗೊತ್ತಾಗೇತಿ ಅಂತ ನನಗೂ ಗೊತ್ತೈತಿ. ಸಿಟ್ಟ ಆಗಬ್ಯಾಡ್ರಿ."

"ಯಾಕ ಬಿಟ್ಟಿ ನನ್ನವ್ವಾ?"

"ಮಶೀನ ನನಗ ಉಳಿಯೂದಿಲ್ಲ ಅಂತ ಹೇಳೇತಿ ಅಂತ ತಿಳೀತ್ರಿ. ನೀವ ಯಾರೂ ಹೇಳಲಿಲ್ಲ, ಆದ್ರ ತಿಳೀತು. ನೀವ ಬೈಯೂದು ಬಿಟ್ರಿ, ಅವರು ಒದರೂದು ಬಿಟ್ರು. ನಾ ಬಂದ್ರ ಮಾತ ನಿಂದ್ರತಿದ್ವು. ಸಾಯಾಕಿಗೆ ಹಿಂಗ ಮಾಡ್ತಾರ, ನಾ ನೋಡಿಲ್ಲೇನು? ಹೆಂಗೂ ಹೋಗಾಕಿ ಅಂದಮ್ಯಾಲೆ ನನ್ನ ಸಲುವಾಗಿ ಜಾಸ್ಮಿನ ಕಾಲೇಜ ಯಾಕ ಬಿಡಬೇಕು? ತಮ್ಮನ ರೊಕ್ಕರ ಯಾಕ ಹಾಳಾಗಬೇಕು?"

ಬಾಗಿಲಲ್ಲಿ ಜಾಸ್ಮಿನ ಬಂದು ನಿಂತಿದ್ದಳು. ಶಕೀಲ ಅವಳನ್ನು ಕಾಣಲಿಲ್ಲ. ಅತ್ತೆಯ ಕೈಯನ್ನು ಹುಡುಕಿ ಹಿಡಿದುಕೊಂಡಳು.

"ಆದ್ರ ಈಗೀಗ ಅಂಜಿಕಿ ಬರತೈತಿ. ಮಕ್ಕೊಂಡಲ್ಲೆ ವಿಚಾರ ಬರತೈತಿ. ನಾ ತಪ್ಪ ತಿಳಕೊಂಡಿದ್ರ? ಗುಳಿಗಿ ತಗೊಂಡಿದ್ರ ಉಳಿತಿದ್ನೇನೋ, ನನ್ನ ಮಗಳ ಲಗ್ನ ನೋಡ್ತಿದ್ನೇನೋ, ಕೈಯಾರೆ ಕಳಕೊಂಡ್ನೇನೋ ಅಂತ. ಉಣ್ಣಾಕ ಹೋದ್ರ ಅದ ಗಂಟಲಾಗ ಸಿಗತೈತಿ. ಅತ್ತಿ, ನೀವೊಬ್ರ ಖರೆ ಹೇಳ್ರಿ. ಅವತ್ತ ಆ ಮಶೀನ ಏನ ಹೇಳಿತ್ತು? ಉಳಿಯೂದಿಲ್ಲ ಅಂತನ ಹೇಳಿತ್ತಲ್ರಿ?"

ಜನ್ನತಬಿ ಬಾಗಿಲ ಕಡೆ ನೋಡಿದಳು. ಜಾಸ್ಮಿನ ಅವಳನ್ನೇ ನೋಡುತ್ತಿದ್ದಳು.

"ಹೌದವಾ," ಎಂದಳು ಜನ್ನತಬಿ. "ಅವತ್ತ ಹೇಳಿತ್ತು. ಉಳಿಯೂದಿಲ್ಲ ಅಂತನ ಹೇಳಿತ್ತು. ಗುಳಿಗಿ ತಗೊಂಡ್ರೂ ಅಷ್ಟ, ಬಿಟ್ರೂ ಅಷ್ಟ ಅಂದಿತ್ತು. ನಮಗ ನಿನ್ನ ಮುಂದ ಹೇಳೂ ಧೈರ್ಯ ಬರಲಿಲ್ಲ."

"ಖರೆ?"

"ಖರೆ."

ಶಕೀಲಳಿಗೆ ಪೂರ್ತಿ ನಂಬಿಕೆ ಬರಲಿಲ್ಲವೇನೋ. ಅತ್ತೆಯ ಮುಖವನ್ನು ಹುಡುಕುತ್ತಿದ್ದಳು. ಆಗ ಜಾಸ್ಮಿನ ಒಳಗೆ ಬಂದು ತಾಯಿಯ ತಲೆಯ ಬಳಿ ಕೂತು, ಅವಳ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಆಯಿ ಹೇಳೂದು ಖರೆ ಐತವ್ವಾ," ಎಂದಳು. "ನಾನೂ ಓದೀನಿ ರಿಪೋರ್ಟಿನ್ಯಾಗ. ನೀ ತಪ್ಪ ಮಾಡಿಲ್ಲ."

ಶಕೀಲ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟಳು. ಹಣೆಯ ಗಂಟು ಸಡಿಲಾಯಿತು. ಸ್ವಲ್ಪ ಹೊತ್ತಾದ ಮೇಲೆ, "ಅತ್ತಿ, ಹಸಿವ್ಯಾಗೇತಿ. ಏನರ ಬಿಸಿ ಕೊಡ್ರಿ," ಎಂದಳು.

ಜನ್ನತಬಿ ಅಡಿಗೆಮನೆಗೆ ಹೋಗಿ ಜೋಳದ ನುಚ್ಚು ಕುದಿಸಿದಳು. ಮಜ್ಜಿಗೆ ಹಾಕಿ ಕಲಸಿ ಆರಿಸಿ ತಂದಳು. ಜಾಸ್ಮಿನ ತಾಯಿಯನ್ನು ಎತ್ತಿ ಎದೆಗೊರಗಿಸಿಕೊಂಡಳು, ಜನ್ನತಬಿ ಒಂದೊಂದೇ ತುತ್ತು ಉಣಿಸಿದಳು. ಹುಬ್ಬಳ್ಳಿಯಿಂದ ಬಂದ ಮೇಲೆ ಶಕೀಲ ಕೇಳಿ ಉಂಡದ್ದು ಅದೇ ಮೊದಲು. ಬಟ್ಟಲು ಪೂರ್ತಿ ಖಾಲಿ ಮಾಡಿ, ಇನ್ನೊಂದು ತುತ್ತು ಇದೆಯೇ ಎಂದು ಕೇಳಿದಳು.